ತುಪ್ಪದ ಜಾತಿ, ಡಾಲ್ಡಾದ ಜಾತಿ

"ಡಾಲ್ಡಾ ತಿಂದು ಬೆಳೆದ ಮೈ, ಇದರಲ್ಲಿ ಕಸುವು ಎಲ್ಲಿಂದ ಬರಬೇಕು?" ಅಂತ ನಮ್ಮೂರ ದೊಡ್ಡವರು ಹುಡುಗರನ್ನು ಹಂಗಿಸುತ್ತಿದ್ದರು. ಹಂಗಿಸುತ್ತಿದ್ದವರು ಯಾರು ಅನ್ನುವುದನ್ನೂ ನೋಡಬೇಕಲ್ಲ. ಅವರ ಮನೆಯ ನೆಲುವಿನ ಮೇಲೆ ತುಪ್ಪದ ಗಡಿಗೆ ಇತ್ತು. ಆ ತುಪ್ಪ ಬಂದ ದನಗಳನ್ನು ಮೇಯಿಸುತ್ತಿದ್ದವನು, ಸಗಣಿ ಬಾಚುತ್ತಿದ್ದವನು ಕೇರಿಯ ಜೀತದ ಹುಡುಗ. ಅವನ ಪಾಲಿಗೆ ಹಿತ್ತಲ ಬಾಗಿಲಲ್ಲಿ, ಮೇಲಿನಿಂದ ಸುರಿಯುವ ನೀರುಮಜ್ಜಿಗೆ. ಡಾಲ್ಡಾ ಬಗ್ಗೆ ಅವನು ಏನಂತಾನೆ ಅಂತ ಯಾರೂ ಕೇಳಲಿಲ್ಲ. ಕಾರ್ಖಾನೆಯ ಎಣ್ಣೆ, ಪ್ಯಾಕೆಟ್ಟಿನ ತಿಂಡಿ ಕೆಟ್ಟದ್ದೋ ಒಳ್ಳೇದೋ ಅಂತ ಟೀ ಅಂಗಡಿಯಿಂದ ಕಾಲೇಜಿನವರೆಗೆ ಎಲ್ಲರೂ ಮಾತಾಡುವ ಈ ಹೊತ್ತಿನಲ್ಲಿ ಆ ಹಳೇ ಡಬ್ಬಿಯನ್ನು ಒಮ್ಮೆ ತೆರೆದು ನೋಡೋಣ.

ಮೊದಲು ತುಪ್ಪದ ಮಾತು. 1936ರ ಏಪ್ರಿಲ್‌ನಲ್ಲಿ ಜೈಪುರ ಸಂಸ್ಥಾನದ ಚಕ್ವಾರಾ ಎಂಬ ಹಳ್ಳಿಯ ಒಬ್ಬ ಅಸ್ಪೃಶ್ಯ ತೀರ್ಥಯಾತ್ರೆ ಮುಗಿಸಿ ಬಂದ. ಪುಣ್ಯದ ಕೆಲಸ ಅಂತ ತನ್ನ ಜನರನ್ನು ಕರೆದು ಊಟಕ್ಕೆ ಹಾಕಿದ. ಊಟದಲ್ಲಿ ತುಪ್ಪ ಇತ್ತು. ಜನ ಇನ್ನೂ ಎಲೆ ಮುಂದೆ ಕೂತಿರುವಾಗಲೇ ನೂರಾರು ಸವರ್ಣೀಯರು ಲಾಠಿ ಹಿಡಿದು ನುಗ್ಗಿದರು. ಅನ್ನ ಹಾಳು ಮಾಡಿದರು, ಉಣ್ಣುತ್ತಿದ್ದವರನ್ನು ಬಡಿದರು. ಉಂಡವರು ಕದ್ದ ತುಪ್ಪ ಉಣ್ಣಲಿಲ್ಲ, ಬೇಡಿದ ತುಪ್ಪವನ್ನೂ ಉಣ್ಣಲಿಲ್ಲ. ದುಡ್ಡು ಕೊಟ್ಟು ತಂದದ್ದು. ತುಪ್ಪ ಬಡಿಸಿದ್ದೇ ಅವನ ಅಹಂಕಾರ, ಅದನ್ನು ತಿಂದದ್ದೇ ಇವರ ತಪ್ಪು. ಬಾಬಾಸಾಹೇಬರು ಅದೇ ವರ್ಷ ಲಾಹೋರಿನಲ್ಲಿ ಮಾಡಲಾಗದೆ ಹೋದ ಭಾಷಣದಲ್ಲಿ, ಅಂದರೆ 'ಜಾತಿ ವಿನಾಶ'ದಲ್ಲಿ, ಇದನ್ನು ಬರೆದಿಟ್ಟರು. ಇಲ್ಲದಿದ್ದರೆ ಚಕ್ವಾರಾದ ಹೆಸರು ನಮಗೆಲ್ಲಿ ಗೊತ್ತಾಗಬೇಕಿತ್ತು?

ಅದರ ಮರುವರ್ಷ, 1937ರಲ್ಲಿ, ಡಾಲ್ಡಾ ಪೇಟೆಗೆ ಬಂತು. ಎರಡಕ್ಕೂ ಸಂಬಂಧ ಕಟ್ಟುವುದು ಸರಿಯಲ್ಲ. ಲೀವರ್ ಕಂಪನಿಗೆ ನಮ್ಮ ಮೇಲೆ ಕನಿಕರ ಹುಟ್ಟಿ ಅದನ್ನು ಮಾಡಲಿಲ್ಲ. ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ ಎಂಬ ರಸಾಯನಶಾಸ್ತ್ರಿ 1902ರಲ್ಲೇ ಎಣ್ಣೆಯನ್ನು ಗಟ್ಟಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಕಾದ ಎಣ್ಣೆಯೊಳಗೆ ನಿಕ್ಕಲ್ ಪುಡಿ ಹಾಕಿ ಜಲಜನಕ ಹಾಯಿಸಿದರೆ ಎಣ್ಣೆ ತುಪ್ಪದ ಹಾಗೆ ಹೆಪ್ಪುಗಟ್ಟುತ್ತದೆ. ಹಾಲೆಂಡಿನಿಂದ ಇಂಥ ಮಾಲು ಮುಂಬಯಿಗೆ ಮೊದಲೇ ಬರುತ್ತಿತ್ತು. ತರಿಸುತ್ತಿದ್ದ ದಾದಾ ಎಂಬ ಹೆಸರಿನ ನಡುವೆ ಲೀವರ್‌ನ 'ಲ' ಸೇರಿಸಿ ಡಾಲ್ಡಾ ಆಯಿತು ಅಂತ ಹೇಳುತ್ತಾರೆ. ಹಳದಿ ಡಬ್ಬಿ, ಅದರ ಮೇಲೆ ಹಸಿರು ಮರ. ಓದು ಬಾರದವರೂ ಗುರುತು ಹಿಡಿಯುವ ಡಬ್ಬಿ. ಕಂಪನಿಯವರು ನಮ್ಮ ದೇಶವನ್ನು ನಮ್ಮ ದೊಡ್ಡ ಮನುಷ್ಯರಿಗಿಂತ ಚೆನ್ನಾಗಿ ಓದಿಕೊಂಡಿದ್ದರು.

ಇದರೊಳಗೆ ಇದ್ದದ್ದು ಬಹುಪಾಲು ಕಡಲೆಕಾಯಿ ಎಣ್ಣೆ. ತುಮಕೂರು, ಚಿತ್ರದುರ್ಗ, ಕೋಲಾರದ ಒಣಭೂಮಿಯಲ್ಲಿ ಬೆನ್ನು ಬಗ್ಗಿಸಿ ಕಡಲೆಕಾಯಿ ಕಿತ್ತವರಿಗೆ ಈ ಮಾತು ಅರ್ಥವಾಗುತ್ತದೆ. ಊರ ಗಾಣದಲ್ಲಿ ಎತ್ತು ಸುತ್ತಿ ತೆಗೆದ ಎಣ್ಣೆ ಅದೇ ಕಾಯಿಯದು. ಗಾಣ ನಿಂತಿತು, ಗಾಣಿಗನ ಮಗ ಕೂಲಿಗೆ ಹೋದ, ಕಾಯಿ ಗಿರಣಿಗೆ ಹೋಗಿ ಡಬ್ಬಿಯಾಗಿ ವಾಪಸು ಬಂತು.

ಇನ್ನು ಗಲಾಟೆಯ ಕಥೆ. ವನಸ್ಪತಿಯನ್ನು ತುಪ್ಪ ಅಂತ ಮಾರುವುದು ಮೋಸ ಅಂತ ಗಾಂಧೀಜಿ ವಿರೋಧಿಸಿದರು. 1950ರ ಸುಮಾರಿಗೆ ಠಾಕೂರ್‌ದಾಸ್ ಭಾರ್ಗವ ಅದನ್ನು ನಿಷೇಧಿಸಲು ಪಾರ್ಲಿಮೆಂಟಿನಲ್ಲಿ ಮಸೂದೆ ತಂದರು. ಬೇಕೋ ಬೇಡವೋ ಅಂತ ಜನಾಭಿಪ್ರಾಯ ಕೇಳುವ ಯತ್ನವೂ ನಡೆಯಿತು. ನಿಷೇಧ ಆಗಲಿಲ್ಲ. ತುಪ್ಪಕ್ಕೆ ಬೆರೆಸಿದರೆ ಗೊತ್ತಾಗಲಿ, ಬಣ್ಣ ಹಾಕಿ ಅಂದರು. ಕಾಯಿಸಿದರೂ ಉಳಿಯುವ, ತಿನ್ನಲು ಯೋಗ್ಯವಾದ ಬಣ್ಣ ಸಿಗಲಿಲ್ಲ. ಕೊನೆಗೆ ನೂರಕ್ಕೆ 5 ಪಾಲು ಎಳ್ಳೆಣ್ಣೆ ಇರಲೇಬೇಕು ಅನ್ನುವ ನಿಯಮ ನಿಂತಿತು. ಪ್ರಯೋಗಶಾಲೆಯಲ್ಲಿ ಆಮ್ಲ ಮತ್ತು ಫರ್‌ಫ್ಯೂರಲ್ ಹಾಕಿದರೆ ಎಳ್ಳೆಣ್ಣೆ ಕೆಂಪಗಾಗುತ್ತದೆ, ಬೆರಕೆ ಸಿಕ್ಕಿಬೀಳುತ್ತದೆ. ವಿಜ್ಞಾನದ ಮೇಷ್ಟ್ರುಗಳು ಮಕ್ಕಳಿಗೆ ಹೇಳಬಹುದಾದ ಪಾಠ. ಆದರೆ ಇಷ್ಟೆಲ್ಲ ಏರ್ಪಾಡು ಯಾರಿಗಾಗಿ? ತುಪ್ಪ ಕೊಳ್ಳುವವನ ತುಪ್ಪ ಶುದ್ಧವಾಗಿರಲಿ ಅಂತ. ಡಾಲ್ಡಾವನ್ನೇ ತಿನ್ನುವವನಿಗೆ ಅದು ಏನು ಮಾಡುತ್ತೆ ಅನ್ನುವ ಪ್ರಶ್ನೆ ಹಿಂದಿನ ಬೆಂಚಿನಲ್ಲಿ ಕೂತಿತ್ತು.

ಕೇರಿಯಲ್ಲಿ ಅಭಿಪ್ರಾಯ ಬೇರೆ ಇತ್ತು. ಅಂಗಡಿಯವನು ಡಬ್ಬಿಯಿಂದ ತೋಡಿ ಮುತ್ತುಗದ ಎಲೆಯಲ್ಲಿ ಕಟ್ಟಿಕೊಡುತ್ತಿದ್ದ ನಾಲ್ಕಾಣೆ ಡಾಲ್ಡಾ ವರ್ಷಕ್ಕೆ ಎರಡು ಸಲ ನಮ್ಮ ಮನೆಗೆ ಬರುತ್ತಿತ್ತು. ಬಿಸಿ ಹೋಳಿಗೆ ಮೇಲೆ ಅದು ಕರಗಿ ಇಳಿಯುವಾಗ ಅವ್ವ, "ಏನ್ ಘಮ ನೋಡ್ರಪ್ಪಾ, ಥೇಟ್ ಗೌಡ್ರ ಮನೆದೇಯಾ" ಅನ್ನುತ್ತಿದ್ದಳು. ಗೌಡರ ಮನೆಯ ತುಪ್ಪವನ್ನು ಅವಳು ಮೂಸಿದ್ದಳೇ ಹೊರತು ನಾಲಿಗೆಗೆ ಮುಟ್ಟಿಸಿದವಳಲ್ಲ. ಆ ಡಾಲ್ಡಾ ತಿಂದದ್ದಕ್ಕೆ ಯಾರೂ ಲಾಠಿ ತರಲಿಲ್ಲ. ನಕಲಿ ಆದ್ದರಿಂದಲೇ ಅದು ನಮಗೆ ಸಿಕ್ಕಿತು.

1983ರಲ್ಲಿ ದೇಶವೇ ಹೌಹಾರಿತು. ಹೊರದೇಶದಿಂದ ತರಿಸಿದ ದನದ ಕೊಬ್ಬನ್ನು ವನಸ್ಪತಿಗೆ ಬೆರೆಸಿದ್ದಾರೆ ಅಂತ ಪತ್ರಿಕೆಗಳ ತುಂಬ ಸುದ್ದಿ. ಸರ್ಕಾರ ಆಮದು ನಿಲ್ಲಿಸಿತು. ಹೇಳದೆ ಬೆರೆಸಿದ್ದು ಮೋಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಗ ನಮ್ಮ ದೊಡ್ಡಪ್ಪ ಜಗಲಿ ಮೇಲೆ ಬೀಡಿ ಸೇದುತ್ತಾ ಅಂದದ್ದು ಇಷ್ಟು: "ನಾವ್ ತಿಂದ್ರೆ ಹೊಲೆ, ಕಂಪ್ನಿಯೋನ್ ತಿನ್ಸಿದ್ರೆ ಕಲಬೆರ್ಕೆ."

ನಿಜವಾದ ವಿಷ ಬೇರೆ ಕಡೆ ಇತ್ತು. 1990ರಲ್ಲಿ ಹಾಲೆಂಡಿನ ಸಂಶೋಧಕರು, ಎಣ್ಣೆಯನ್ನು ಅರೆಬರೆ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆ ಅಂತ ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇದನ್ನು ತೊಲಗಿಸಿ ಅಂತ ಕರೆ ಕೊಟ್ಟಿತು. ನಮ್ಮಲ್ಲಿ ಎಣ್ಣೆ, ಕೊಬ್ಬುಗಳಲ್ಲಿ ಅದು ನೂರಕ್ಕೆ 3 ಮೀರಬಾರದು ಅಂತ ಆದದ್ದು 2021ರಲ್ಲಿ, ನೂರಕ್ಕೆ 2 ಅಂತ ಆದದ್ದು 2022ರಲ್ಲಿ. ಡಾಲ್ಡಾ ಬಂದು 84 ವರ್ಷ ಕಳೆದಿತ್ತು. ಲೀವರ್ 2003ರಲ್ಲೇ ಆ ಹೆಸರನ್ನು ಬಂಗಿ ಎಂಬ ಇನ್ನೊಂದು ಕಂಪನಿಗೆ ಮಾರಿ ಕೈ ತೊಳೆದುಕೊಂಡಿತ್ತು. ಹಾಗಾದರೆ ಹಂಗಿಸುತ್ತಿದ್ದ ದೊಡ್ಡವರು ಹೇಳಿದ್ದೇ ಸರಿಯಾಯಿತಲ್ಲ ಅನ್ನಬಹುದು. ಮಾತು ಸರಿ, ಕಾರಣ ಸುಳ್ಳು. ನಮ್ಮ ಎದೆಗುಂಡಿಗೆಯ ಚಿಂತೆ ಅವರಿಗಿರಲಿಲ್ಲ. ಇದ್ದಿದ್ದರೆ ಗಡಿಗೆಯಿಂದ ಒಂದು ಚಮಚ ಇಳಿಯುತ್ತಿತ್ತು.

ಆ ಡಬ್ಬಿಯದೂ ಒಂದು ಮಾತಿದೆ. ಅಹಮದಾಬಾದ್ ಜಿಲ್ಲೆಯ ಝಾನು ಎಂಬಲ್ಲಿ 1935ರ ನವೆಂಬರ್‌ನಲ್ಲಿ ಅಸ್ಪೃಶ್ಯ ಹೆಂಗಸರು ಲೋಹದ ಕೊಡದಲ್ಲಿ ನೀರು ತಂದರು ಅಂತ ಹೊಡೆದರು. ಇದನ್ನೂ ಬಾಬಾಸಾಹೇಬರೇ ಬರೆದಿದ್ದಾರೆ. ನಮ್ಮ ಕೇರಿಗೆ ಅಲ್ಲಿಯತನಕ ಮಣ್ಣಿನ ಮಡಕೆ, ಕುಡಿಕೆಗಳೇ. ಅವ್ವ ಒಂದು ದಿನ ಅಂಗಡಿಯಿಂದ ಖಾಲಿ ಡಾಲ್ಡಾ ಡಬ್ಬಿ ಕೊಂಡು ತಂದಳು. ಡಾಲ್ಡಾಗಿಂತ ಡಬ್ಬಿಗೇ ಹೆಚ್ಚು ಕೊಟ್ಟಳು ಅಂತ ಅಪ್ಪ ಬೈದ. ಅವಳು ಅದನ್ನು ಬೂದಿ ಹಾಕಿ ತಿಕ್ಕಿ ತೊಳೆದು, ತಂತಿಯ ಹಿಡಿ ಕಟ್ಟಿ, ಹಗಲು ಹೊತ್ತಿನಲ್ಲಿ, ಊರ ನಡುವಿನ ದಾರಿಯಲ್ಲೇ ಹಿಡಿದುಕೊಂಡು ಕಟ್ಟೆಗೆ ಹೋದಳು. ತಳ ತೂತು ಬಿದ್ದ ಮೇಲೆ ಅದರಲ್ಲಿ ಬಹಳ ವರ್ಷ ಹುರುಳಿಕಾಳು ಇತ್ತು.