ನಾರಿನ ನಾವೆ: ವಿಸ್ಬಿಯಿಂದ ಕಿಲ್ತಾನ್‌ವರೆಗೆ

ಮುಂಬಯಿಯ ಕೋಟೆ ಪ್ರದೇಶದಲ್ಲಿ, ಲಯನ್ ಗೇಟಿನ ಆಚೆಗೆ ಹಬ್ಬಿರುವ ನೌಕಾದಳದ ಗೋದಿಯನ್ನು ನಮ್ಮಲ್ಲಿ ಬಹುಮಂದಿ ಹೊರಗಿನಿಂದಷ್ಟೇ ಕಂಡವರು. ಅದೇ ಗೋದಿಯಲ್ಲಿ ಜಮ್ಷೆಟ್‌ಜಿ ಬೊಮನ್‌ಜಿ ವಾಡಿಯಾ ಕಟ್ಟಿದ 'ಟ್ರಿಂಕೋಮಲೀ' ಎಂಬ ಯುದ್ಧನೌಕೆ 1817ರ ಅಕ್ಟೋಬರ್‌ನಲ್ಲಿ ನೀರಿಗಿಳಿಯಿತು. ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಅದು ಈಗಲೂ ತೇಲುತ್ತಿದೆ. ಎರಡು ಶತಮಾನ ಕಳೆದರೂ ಅದನ್ನು ಉಳಿಸಿದ್ದು ಪಶ್ಚಿಮ ಘಟ್ಟದ ತೇಗ. ಓಕ್ ಮರದಲ್ಲಿರುವ ಹುಳಿ ಕಬ್ಬಿಣದ ಮೊಳೆಯನ್ನು ತಿಂದುಹಾಕುತ್ತದೆ. ತೇಗದ ಎಣ್ಣೆ ಅದನ್ನು ಕಾಯುತ್ತದೆ. ಇಷ್ಟು ಸಣ್ಣ ವ್ಯತ್ಯಾಸವು ಬ್ರಿಟನ್ನಿನ ನೌಕಾದಳವನ್ನು ಅರ್ಧ ಭೂಗೋಳ ದಾಟಿಸಿ ಮುಂಬಯಿಯ ಪಾರಸೀ ಬಡಗಿಗಳ ಬಾಗಿಲಿಗೆ ತಂದಿತ್ತು. ಹಡಗಿನ ಮೈ ಯಾವುದರಿಂದ ಆಗಿದೆ ಎಂದು ಕೇಳಿದರೆ ಸಾಕು, ಕಟ್ಟಿಸಿದವರ ಕಾಡು, ಗಣಿ, ಭಯ, ಬೊಕ್ಕಸ ಎಲ್ಲವೂ ಒಂದೊಂದಾಗಿ ನಮ್ಮೆದುರು ಬಂದು ನಿಲ್ಲುತ್ತವೆ.

ಈ ಪ್ರಶ್ನೆಯನ್ನು ನಾವು ನಮ್ಮ ಕಾಲದ ಒಂದು ಹಡಗಿಗೆ ಕೇಳಲು ಹೊರಟಿದ್ದೇವೆ. ಅದರ ಮೈ ಮರದ್ದಲ್ಲ, ಉಕ್ಕಿನದೂ ಅಲ್ಲ. ಇಂಗಾಲದ ನಾರಿನದು, ಅಂದರೆ ಕಾರ್ಬನ್ ಫೈಬರಿನದು.

ಮರದ ನಂತರ ಕಬ್ಬಿಣ ಬಂತು, ಕಬ್ಬಿಣದ ನಂತರ ಉಕ್ಕು. ಉಕ್ಕು ಎಲ್ಲವನ್ನೂ ಗೆದ್ದಿತೆನ್ನುವಷ್ಟರಲ್ಲಿ ಅದರ ಒಂದು ದೋಷ ಬಯಲಾಯಿತು. ಎರಡನೆಯ ಮಹಾಯುದ್ಧ ಆರಂಭವಾದ ಕೆಲವೇ ವಾರಗಳಲ್ಲಿ ಜರ್ಮನಿ ಬ್ರಿಟನ್ನಿನ ಕರಾವಳಿಯಲ್ಲಿ ಅಯಸ್ಕಾಂತೀಯ ಮೈನುಗಳನ್ನು ಬಿತ್ತಿತು. ಹಡಗು ಬಂದು ತಾಗಬೇಕೆಂದೇ ಇರಲಿಲ್ಲ. ಉಕ್ಕಿನ ಒಡಲು ಮೇಲೆ ಹಾದುಹೋದರೆ ಸಾಕು, ತಳದಲ್ಲಿ ಮಲಗಿದ್ದ ಮೈನು ಎಚ್ಚರಗೊಳ್ಳುತ್ತಿತ್ತು. ಹೀಗಾಗಿ ಮೈನು ಗುಡಿಸುವ ಹಡಗುಗಳಿಗೆ ನೌಕಾದಳಗಳು ಮತ್ತೆ ಮರದ ಮೊರೆಹೋದವು. ಆದರೆ ಒಳ್ಳೆಯ ಮರವೂ ಅದನ್ನು ಬಲ್ಲ ಬಡಗಿಗಳೂ ವರ್ಷದಿಂದ ವರ್ಷಕ್ಕೆ ದುರ್ಲಭವಾಗುತ್ತಿದ್ದರು. ಆ ಕೊರತೆಯನ್ನು ತುಂಬಲು ಬಂದದ್ದು ಗಾಜಿನ ನಾರು ಮತ್ತು ರಾಳ. 1973ರಲ್ಲಿ ಬ್ರಿಟನ್ನಿನ ನೌಕಾದಳವನ್ನು ಸೇರಿದ 'ವಿಲ್ಟನ್' ಗಾಜಿನ ನಾರಿನಿಂದ ಕಟ್ಟಿದ ಪ್ರಪಂಚದ ಮೊದಲ ಯುದ್ಧನೌಕೆ. ಅದರ ಒಡಲು ಹೊಸದು, ಯಂತ್ರಗಳು ಮಾತ್ರ ಕಳಚಿಹಾಕಿದ ಹಳೆಯ ಹಡಗೊಂದರವು. ಹೊಸ ವಸ್ತುವನ್ನು ನಂಬುವ ಮೊದಲು ಸರ್ಕಾರ ಎಷ್ಟು ಜಾಗರೂಕವಾಗಿ ಹಣ ಬಿಚ್ಚುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಂಗಾಲದ ನಾರಿನ ವಂಶಾವಳಿ ಬೇರೆ. 1880ರ ಸುಮಾರಿಗೆ ಎಡಿಸನ್ ಬಿದಿರಿನ ಎಳೆಯನ್ನು ಇದ್ದಿಲಾಗಿಸಿ ವಿದ್ಯುದ್ದೀಪದೊಳಗೆ ಉರಿಸಿದ್ದ. ಆ ಎಳೆ ಬೆಳಕು ಕೊಟ್ಟಿತು, ಬಲ ಕೊಡಲಿಲ್ಲ. 1958ರಲ್ಲಿ ಅಮೆರಿಕದ ರೋಜರ್ ಬೇಕನ್ ಅಸಾಧಾರಣ ಗಟ್ಟಿತನದ ಇಂಗಾಲದ ಎಳೆಗಳನ್ನು ಪ್ರಯೋಗಾಲಯದಲ್ಲಿ ಕಂಡ. ಜಪಾನಿನ ಒಸಾಕಾದಲ್ಲಿ ಅಕಿಯೊ ಶಿಂಡೋ ಎಂಬ ವಿಜ್ಞಾನಿ ಬಟ್ಟೆ ಉದ್ಯಮದ ಅಕ್ರಿಲಿಕ್ ಎಳೆಯನ್ನೇ ಹದವಾಗಿ ಸುಟ್ಟು ಇಂಗಾಲವಾಗಿಸುವ ದಾರಿ ತೋರಿಸಿದರು. 1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಸಂಸ್ಥೆ ಅದನ್ನು ಯಂತ್ರಶಿಲ್ಪಕ್ಕೆ ಒದಗುವಂತೆ ಪಳಗಿಸಿತು. ಪಳಗಿತೆಂದು ಆತುರಪಟ್ಟವರು ಬೆಲೆಯನ್ನೂ ತೆತ್ತರು. ರೋಲ್ಸ್ ರಾಯ್ಸ್ ತನ್ನ ಹೊಸ ವಿಮಾನ ಎಂಜಿನ್ನಿನ ಬೀಸಣಿಗೆ ಅಲಗುಗಳನ್ನು ಈ ನಾರಿನಿಂದ ಮಾಡಿತ್ತು. ಹಕ್ಕಿ ಬಡಿದರೆ ಏನಾದೀತೆಂದು ನಡೆಸಿದ ಪರೀಕ್ಷೆಯಲ್ಲಿ ಅಲಗುಗಳು ಚೂರಾದವು. ಟೈಟಾನಿಯಂಗೆ ಮರಳಬೇಕಾಯಿತು. ಇನ್ನಿತರ ಹೊರೆಗಳೂ ಸೇರಿ 1971ರ ಫೆಬ್ರವರಿಯಲ್ಲಿ ಆ ಪ್ರತಿಷ್ಠಿತ ಸಂಸ್ಥೆ ದಿವಾಳಿಯೆದ್ದಿತು. ಎಳೆಯ ಉದ್ದಕ್ಕೆ ಎಳೆದರೆ ಉಕ್ಕನ್ನು ನಾಚಿಸುವ ಈ ವಸ್ತು ಅಡ್ಡ ಹೊಡೆತಕ್ಕೆ ಮಣಿಯುವುದಿಲ್ಲ, ಬಾಗುವುದಿಲ್ಲ, ಒಮ್ಮೆಲೇ ಒಡೆಯುತ್ತದೆ. ಈ ಸ್ವಭಾವವನ್ನು ನಾವು ಮುಂದೆಯೂ ನೆನಪಿಡಬೇಕು.

ಅದು ಹಡಗಿನ ಮೈಯಾದದ್ದು ಸ್ವೀಡನ್ನಿನಲ್ಲಿ. 1981ರ ಅಕ್ಟೋಬರ್ 27ರಂದು ಸೋವಿಯತ್ ಜಲಾಂತರ್ಗಾಮಿಯೊಂದು ಸ್ವೀಡನ್ನಿನ ದಕ್ಷಿಣದ ನೌಕಾನೆಲೆ ಕಾರ್ಲ್ಸ್‌ಕ್ರೂನಾದ ಸಮೀಪ ಬಂಡೆಗೆ ಸಿಕ್ಕಿಕೊಂಡಿತು. ಹತ್ತು ದಿನ ಅದು ಅಲ್ಲೇ ಕುಳಿತಿತ್ತು. ತಟಸ್ಥ ದೇಶವೊಂದರ ಮನೆಯಂಗಳಕ್ಕೇ ಅತಿಥಿ ಬಂದುಬಿಟ್ಟಿದ್ದ. ಆ ಅವಮಾನವೂ ಅದರ ಹಿಂದಿನ ಭಯವೂ ಒಂದು ತಲೆಮಾರಿನ ನೌಕಾಶಿಲ್ಪವನ್ನು ರೂಪಿಸಿದವು. ಬಾಲ್ಟಿಕ್ ಕಡಲು ಆಳವಿಲ್ಲದ್ದು. ಸ್ವೀಡನ್ನಿನ ತೀರದಲ್ಲಿ ದ್ವೀಪಗಳೂ ಬಂಡೆಗಳೂ ಕಿಕ್ಕಿರಿದಿವೆ. ಅಲ್ಲಿ ಕಾವಲು ತಿರುಗುವ ಹಡಗು ಚಿಕ್ಕದಿರಬೇಕು, ಹಗುರವಿರಬೇಕು, ಮೈನಿಗೂ ರಾಡಾರಿಗೂ ಸುಲಭವಾಗಿ ಸಿಗಬಾರದು. ಕೊಕುಮ್ಸ್ ಸಂಸ್ಥೆ 1991ರಲ್ಲಿ 'ಸ್ಮೀಗೆ' ಎಂಬ ಪ್ರಯೋಗನೌಕೆಯನ್ನು ನೀರಿಗಿಳಿಸಿ ಪಾಠ ಕಲಿತಿತು. 2000ದ ಜೂನ್‌ನಲ್ಲಿ, ಮೂರು ಶತಮಾನಗಳಿಂದ ಯುದ್ಧನೌಕೆಗಳನ್ನು ಕಟ್ಟುತ್ತ ಬಂದ ಅದೇ ಕಾರ್ಲ್ಸ್‌ಕ್ರೂನಾದಲ್ಲಿ, 'ವಿಸ್ಬಿ' ನೀರಿಗಿಳಿಯಿತು: ಸುಮಾರು 73 ಮೀಟರ್ ಉದ್ದ, 640 ಟನ್ ಭಾರ, 43 ಮಂದಿ ಸಿಬ್ಬಂದಿ, 35 ನಾಟ್‌ಗೂ ಮಿಕ್ಕ ವೇಗ. ಒಡಲೆಲ್ಲ ಇಂಗಾಲದ ನಾರು.

ಇಂಥ ಒಡಲನ್ನು ಕಟ್ಟುವ ಬಗೆಯನ್ನು ತಿಳಿಯಲು ಹೋಳಿಗೆಯನ್ನು ನೆನೆದರೆ ಸಾಕು. ಮೇಲೆ ಕೆಳಗೆ ಇಂಗಾಲದ ನೇಯ್ಗೆಯ ತೆಳ್ಳನೆಯ ಕಣಕ, ನಡುವೆ ಹಗುರವಾದ ಪಿವಿಸಿ ನೊರೆಯ ದಪ್ಪ ಹೂರಣ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಬಲವೆಲ್ಲ ಕಣಕದಲ್ಲಿದೆ; ಎರಡು ಪದರಗಳನ್ನು ದೂರ ದೂರ ಹಿಡಿದು ನಿಲ್ಲಿಸುವುದಷ್ಟೇ ಹೂರಣದ ಕೆಲಸ. ಬಾಗಿಸುವ ಬಲ ಬಂದಾಗ ಒಂದು ಪದರ ಎಳೆತವನ್ನೂ ಇನ್ನೊಂದು ಒತ್ತಡವನ್ನೂ ತಾಳುತ್ತದೆ. ಒಣ ನೇಯ್ಗೆಯನ್ನು ಹಾಸಿ, ಮೇಲೆ ಗಾಳಿಯಾಡದ ಹೊದಿಕೆ ಮುಚ್ಚಿ, ಒಳಗಿನ ಗಾಳಿಯನ್ನು ಹೀರಿದರೆ ದ್ರವರೂಪದ ರಾಳ ತಾನಾಗಿ ನುಗ್ಗಿ ಎಳೆಎಳೆಯನ್ನೂ ತೋಯಿಸುತ್ತದೆ. ರಾಳ ಗಟ್ಟಿಯಾಗುವುದರೊಳಗೆ ಎಲ್ಲವೂ ಸರಿಯಾಗಿರಬೇಕು. ಉಕ್ಕಿನ ಬೆಸುಗೆ ಕೆಟ್ಟರೆ ಕೆರೆದು ಮತ್ತೆ ಹಾಕಬಹುದು. ಇಲ್ಲಿ ಒಣಗಿ ಉಳಿದ ಒಂದು ಅಂಗೈಯಗಲದ ಜಾಗ ಕಣ್ಣಿಗೆ ಕಾಣದೆ ಒಳಗೇ ಉಳಿದುಬಿಡುತ್ತದೆ. ಅದಕ್ಕಾಗಿಯೇ ಶಬ್ದಾತೀತ ತರಂಗಗಳಿಂದಲೂ, ಕೆಲವೊಮ್ಮೆ ಸಣ್ಣ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟೂ ಅದನ್ನು ಪರೀಕ್ಷಿಸುತ್ತಾರೆ. ಮಡಕೆ ಕೊಳ್ಳುವಾಗ ನಮ್ಮ ಅಜ್ಜಿಯರು ಮಾಡುತ್ತಿದ್ದುದೂ ಇದನ್ನೇ.

ಗಾಜಿನ ನಾರು ಅಗ್ಗವಾಗಿ ಸಿಗುತ್ತಿದ್ದಾಗ ದುಬಾರಿಯಾದ ಇಂಗಾಲವೇ ಏಕೆ? ತೂಕ ಒಂದು ಕಾರಣ. ಆದರೆ ಇನ್ನೊಂದು ಕಾರಣ ಹೆಚ್ಚು ಕುತೂಹಲಕರ. ಗಾಜಿನ ನಾರು ರಾಡಾರ್ ಅಲೆಗೆ ಪಾರದರ್ಶಕ. ಅಲೆ ಗೋಡೆಯನ್ನು ದಾಟಿ ಒಳಗಿನ ಯಂತ್ರಗಳನ್ನು ಕಂಡು ಮರಳುತ್ತದೆ. ಇಂಗಾಲದ ನಾರು ವಿದ್ಯುತ್ತನ್ನು ಹರಿಸುತ್ತದೆಯಾದ್ದರಿಂದ ಅಲೆಯನ್ನು ಒಳಗೆ ಬಿಡುವುದಿಲ್ಲ. ವಿಸ್ಬಿಯ ಓರೆಯಾದ ಚಪ್ಪಟೆ ಮುಖಗಳು ಆ ಅಲೆಯನ್ನು ಬಂದ ದಿಕ್ಕಿಗೆ ಕಳಿಸದೆ ಬೇರೆಡೆಗೆ ಚೆಲ್ಲುತ್ತವೆ. ಚಪ್ಪಟೆ ಹಲಗೆಗಳನ್ನು ಈ ವಸ್ತುವಿನಲ್ಲಿ ಎರಕಹೊಯ್ಯುವುದೂ ಸುಲಭ. ಮರೆಯಾಗುವ ಆಸೆಯೂ ಕಟ್ಟುವ ಅನುಕೂಲವೂ ಒಂದೇ ಆಕಾರದಲ್ಲಿ ಸೇರಿದವು. ಹಾಗಿದ್ದರೂ ಹಡಗು ಕೆಲಸಕ್ಕೆ ಬಂದದ್ದು ತಡವಾಗಿ. ಅಸ್ತ್ರಗಳನ್ನೂ ಉಪಕರಣಗಳನ್ನೂ ಹೊಂದಿಸಿ ಪರೀಕ್ಷಿಸುವುದರಲ್ಲೇ ವರ್ಷಗಳು ಉರುಳಿದವು. ಈ ವರ್ಗದ ಮೊದಲ ಎರಡು ನೌಕೆಗಳು ಸ್ವೀಡನ್ನಿನ ನೌಕಾದಳದ ಕೈಸೇರಿದಾಗ 2009ರ ಡಿಸೆಂಬರ್ ಬಂದಿತ್ತು. ಅಷ್ಟರಲ್ಲಿ ಅವು ಯಾರ ಭಯದಿಂದ ಹುಟ್ಟಿದ್ದವೋ ಆ ಸೋವಿಯತ್ ಒಕ್ಕೂಟ ಅಳಿದು ಹದಿನೆಂಟು ವರ್ಷಗಳಾಗಿದ್ದವು.

ಇನ್ನು ಬೆಂಕಿಯ ಮಾತು. ನಾರು ಎಷ್ಟೇ ಗಟ್ಟಿಯಿರಲಿ, ಅದನ್ನು ಹಿಡಿದಿಟ್ಟಿರುವುದು ರಾಳ. ನೀರು ಕುದಿಯುವ ಶಾಖದಿಂದ ಸ್ವಲ್ಪ ಮೇಲಕ್ಕೆ ಹೋದರೆ ಸಾಮಾನ್ಯ ರಾಳ ಮೆತ್ತಗಾಗತೊಡಗುತ್ತದೆ, ಇನ್ನೂ ಹೆಚ್ಚಾದರೆ ಉರಿದು ವಿಷದ ಹೊಗೆ ಕಾರುತ್ತದೆ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ: ಉಕ್ಕಿನ ಗೋಡೆ ಪಕ್ಕದ ಕೋಣೆಗೆ ಶಾಖವನ್ನು ದಾಟಿಸುತ್ತದೆ, ಈ ಗೋಡೆ ಬಹಳ ಹೊತ್ತು ತಡೆಯುತ್ತದೆ. ವಿನ್ಯಾಸಕಾರರು ಬೆಂಕಿ ತಡೆಯುವ ಹೊದಿಕೆಗಳನ್ನು ಸೇರಿಸಿ ಈ ಗುಣವನ್ನು ನೆಚ್ಚಿಕೊಳ್ಳುತ್ತಾರೆ. ಆದರೂ 2002ರ ನವೆಂಬರ್‌ನಲ್ಲಿ ಗಾಜಿನ ನಾರಿನಿಂದ ಕಟ್ಟಿದ ನಾರ್ವೆಯ ಮೈನುನೌಕೆ 'ಓರ್ಕ್ಲಾ' ಹೊತ್ತಿಕೊಂಡು ಮಗುಚಿ ಮುಳುಗಿತು. ಅದೃಷ್ಟವಶಾತ್ ಸಿಬ್ಬಂದಿಯೆಲ್ಲ ಬದುಕುಳಿದರು. ಇಂಡೊನೇಷ್ಯದ ಕಥೆ ಇನ್ನೂ ನೋವಿನದು. ಪೂರ್ವ ಜಾವಾದ ಬಾನ್ಯುವಾಂಗಿಯಲ್ಲಿ ಕಟ್ಟಿದ 'ಕ್ಲೆವಾಂಗ್' 63 ಮೀಟರ್ ಉದ್ದದ, ಮೂರು ಒಡಲುಗಳ, ಇಂಗಾಲದ ನಾರಿನ ಕ್ಷಿಪಣಿನೌಕೆ. ತಾವು ಸ್ವತಃ ಕಟ್ಟಿದ ಹಡಗೆಂದು ಊರೂ ದೇಶವೂ ಹೆಮ್ಮೆಪಟ್ಟವು. 2012ರ ಆಗಸ್ಟ್ 31ರಂದು ಅದು ನೀರಿಗಿಳಿಯಿತು. ಸೆಪ್ಟೆಂಬರ್ 28ರಂದು ದಡದಲ್ಲೇ ಸುಟ್ಟು ಬೂದಿಯಾಯಿತು. ನಾಲ್ಕೇ ವಾರಗಳ ಆಯುಷ್ಯ. ಅದೇ ಊರಿನವರು ಎದೆಗುಂದದೆ ಅದರ ಉತ್ತರಾಧಿಕಾರಿ 'ಗೋಲೋಕ್' ಅನ್ನು ಕಡಲಿಗಿಳಿಸಿದ್ದು 2021ರಲ್ಲಿ.

ಸಿರಿವಂತ ಅಮೆರಿಕವೂ ಇಲ್ಲಿ ಹಿಂದೆಗೆದದ್ದುಂಟು. ಅದರ 'ಜುಮ್‌ವಾಲ್ಟ್' ವರ್ಗದ ಮೊದಲ ಎರಡು ನೌಕೆಗಳಿಗೆ ಇಂಗಾಲದ ನಾರಿನ ಮೇಲ್ಕಟ್ಟಡ ಕೂರಿಸಿದರು. ಮೂರನೆಯದಕ್ಕೆ ಬರುವ ಹೊತ್ತಿಗೆ ಖರ್ಚಿನ ಲೆಕ್ಕ ಹಾಕಿ ಉಕ್ಕಿಗೇ ಮರಳಿದರು. ಮೇಲ್ಕಟ್ಟಡಗಳನ್ನು ಮಾಡಿದ್ದ ಮಿಸಿಸಿಪಿಯ ಕಾರ್ಖಾನೆ 2014ರಲ್ಲಿ ಮುಚ್ಚಿತು. ವಸ್ತು ಸೋತಿರಲಿಲ್ಲ, ಅದನ್ನು ಬಲ್ಲ ಕೈಗಳು ಚದುರಿದವು. ಬಡಗಿಗಳು ಮರೆಯಾದಂತೆಯೇ ಇದೂ ಆಯಿತು.

ಇಲ್ಲಿಂದ ನಾವು ಮನೆಗೆ ಮರಳೋಣ. ಕೋಲ್ಕತ್ತದ ಗಾರ್ಡನ್ ರೀಚ್ ಹಡಗುಕಟ್ಟೆ ಜಲಾಂತರ್ಗಾಮಿಗಳನ್ನು ಬೇಟೆಯಾಡುವ ನಾಲ್ಕು ಕಾರ್ವೆಟ್‌ಗಳನ್ನು ನಮ್ಮ ನೌಕಾದಳಕ್ಕಾಗಿ ಕಟ್ಟಿತು: ಕಮೋರ್ಟಾ, ಕದ್ಮತ್, ಕಿಲ್ತಾನ್, ಕವರತ್ತಿ. ಮೊದಲ ಎರಡು ಪೂರ್ತಿ ಉಕ್ಕಿನವು. 2017ರ ಅಕ್ಟೋಬರ್ 16ರಂದು ವಿಶಾಖಪಟ್ಟಣದಲ್ಲಿ ಸೇವೆಗೆ ಸೇರಿದ ಕಿಲ್ತಾನ್ ಇಂಗಾಲದ ನಾರಿನ ಮೇಲ್ಕಟ್ಟಡ ಹೊತ್ತ ಭಾರತದ ಮೊದಲ ದೊಡ್ಡ ಯುದ್ಧನೌಕೆ. 2020ರಲ್ಲಿ ಕವರತ್ತಿ ಅದನ್ನು ಹಿಂಬಾಲಿಸಿತು. ಒಡಲಿನ ಉಕ್ಕು ನಮ್ಮದೇ. ಅದನ್ನು ರೂಪಿಸಿದ್ದು ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾಲಯ. ಮೇಲಿನ ಭಾರ ಇಳಿದಷ್ಟೂ ಹಡಗು ಸ್ಥಿರವಾಗುತ್ತದೆ, ತುಕ್ಕಿನ ಕಾಟವೂ ತಗ್ಗುತ್ತದೆ. ಆದರೆ ಉಕ್ಕೂ ಇಂಗಾಲವೂ ಸೇರುವ ಅಂಚಿನಲ್ಲಿ ಎರಡು ಸ್ವಭಾವಗಳ ತಿಕ್ಕಾಟವಿದೆ: ಬಿಸಿಲಿಗೆ ಒಂದು ಹಿಗ್ಗಿದಷ್ಟು ಇನ್ನೊಂದು ಹಿಗ್ಗದು. ಉಪ್ಪುನೀರಿನ ಸಾಕ್ಷಿಯಲ್ಲಿ ಇಂಗಾಲ ಲೋಹವನ್ನು ಮುಟ್ಟಿದರೆ ಸವೆಯುವುದು ಲೋಹವೇ. ಆ ಸಂಧಿಯನ್ನು ಬೆಸೆಯುವುದೇ ಈ ವಿದ್ಯೆಯ ಮರ್ಮ. ಮೇಲ್ಕಟ್ಟಡವನ್ನು ಒದಗಿಸಿದವರು ಸ್ವೀಡನ್ನಿನ ಅದೇ ಕೊಕುಮ್ಸ್.

ಇದನ್ನು ಕೊರಗಿಗಾಗಿ ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ತೇಜಸ್ ವಿಮಾನದ ರೆಕ್ಕೆಯನ್ನು ಇದೇ ನಾರಿನಿಂದ ರೂಪಿಸಿದವರು ನಮ್ಮವರೇ. 2001ರಲ್ಲಿ ಅದು ಹಾರಿತು. ಆಕಾಶದಲ್ಲಿ ಪಡೆದ ವಿದ್ಯೆ ಕಡಲಿಗೆ ಇಳಿಯಲು ಬೇರೆಯೇ ಕೈಗಳು, ಬೇರೆಯೇ ಅಂಗಳ, ಎರಡು ಹಡಗುಗಳಿಗೆ ನಿಲ್ಲದೆ ಮುಂದುವರಿಯುವ ಕೆಲಸ ಬೇಕು. ವಿದ್ಯೆ ಕಡತದಲ್ಲಿ ಉಳಿಯುವುದಿಲ್ಲ. ಸುತ್ತಿಗೆಯಿಂದ ತಟ್ಟಿ ಒಳಗಿನ ಟೊಳ್ಳನ್ನು ಕೇಳಬಲ್ಲ ಕಿವಿ ತಯಾರಾಗಲು ವರ್ಷಗಳು ಹಿಡಿಯುತ್ತವೆ, ಅದನ್ನು ಕಳೆದುಕೊಳ್ಳಲು ಒಂದು ರದ್ದಾದ ಒಪ್ಪಂದ ಸಾಕು.

ಕಿಲ್ತಾನ್ ಎಂಬ ಹೆಸರಿನ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇವೆ. 1971ರ ಡಿಸೆಂಬರ್‌ನಲ್ಲಿ ಕರಾಚಿಯ ಮೇಲೆ ನಡೆದ ದಾಳಿಯಲ್ಲಿ ಇದೇ ಹೆಸರಿನ ಹಿಂದಿನ ಹಡಗು ಪಾಲ್ಗೊಂಡಿತ್ತು. ಅದರ ಕಮಾಂಡರ್ ಗೋಪಾಲ ರಾವ್ ಅವರಿಗೆ ಮಹಾವೀರ ಚಕ್ರ ಸಂದಿತು. ಅದಕ್ಕೂ ಹಿಂದೆ ಕಿಲ್ತಾನ್ ಒಂದು ದ್ವೀಪ. ಲಕ್ಷದ್ವೀಪದ ಅಮೀನ್‌ದೀವಿ ಗುಂಪಿಗೆ ಸೇರಿದ ಅದು, ಕದ್ಮತ್‌ನೊಂದಿಗೆ, 1956ರವರೆಗೆ ಮಂಗಳೂರಿನಿಂದ ಆಳಲ್ಪಡುತ್ತಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಆ ದ್ವೀಪದವರು ತೆಂಗಿನ ನಾರನ್ನು ಮಂಗಳೂರಿಗೆ ತಂದು ಅಕ್ಕಿ ಕೊಂಡೊಯ್ಯುತ್ತಿದ್ದರು. ಅವರು ಏರಿಬರುತ್ತಿದ್ದ ಓಡಗಳ ಹಲಗೆಗಳಿಗೆ ಮೊಳೆಯಿರುತ್ತಿರಲಿಲ್ಲ. ಅದೇ ನಾರಿನ ಹುರಿಯಿಂದ ಅವನ್ನು ಹೊಲಿದಿರುತ್ತಿದ್ದರು. ನಾರನ್ನು ನಂಬಿ ಕಡಲಿಗಿಳಿಯುವುದು ಕಿಲ್ತಾನಿನವರಿಗೆ ಹೊಸದಲ್ಲ. ಅವರ ನಾರು ಅವರ ತೋಟದ್ದು, ಹೊಸೆದ ಕೈ ಅವರ ಮನೆಯದು, ಹೊಲಿಗೆ ಬಿಚ್ಚಿದರೆ ತೀರದಲ್ಲೇ ಕುಳಿತು ಮತ್ತೆ ಹೊಲಿಯಬಲ್ಲವರಾಗಿದ್ದರು. ಆ ದ್ವೀಪದ ಹೆಸರು ಹೊತ್ತ ಹಡಗಿಗೂ ಅಂಥದೊಂದು ತೀರ ಇರಲಿ ಎಂಬುದೇ ನಮ್ಮ ಹಾರೈಕೆ.