ಹಳೆಯ ಬೆಂಗಳೂರಿನ ಬೆಳ್ಳಿ ಬಟ್ಟಲುಗಳು: ರಚನೆ, ಬಳಕೆ ಮತ್ತು ಒಡೆತನ

1892ರಲ್ಲಿ ರೂಪುಗೊಂಡ ಚಾಮರಾಜಪೇಟೆಯಲ್ಲಿಯೂ 1898ರ ಪ್ಲೇಗಿನ ಬೆನ್ನಿಗೆ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿಯೂ ನೆಲೆನಿಂತ ಕುಟುಂಬಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿರುವ ಕೈಕೆಲಸದ ಬೆಳ್ಳಿ ಬಟ್ಟಲುಗಳು ಕೇವಲ ಪೂಜಾಸಾಮಗ್ರಿಗಳಲ್ಲ. ಅವು ಮನೆವಾರ್ತೆಯ, ಅದರಲ್ಲೂ ಹೆಣ್ಣುಮಕ್ಕಳ ಸ್ವಂತ ಸೊತ್ತಿನ ದಾಖಲೆಗಳೂ ಹೌದೆಂಬುದು ಈ ಲೇಖನದ ಪ್ರತಿಪಾದನೆ.

ಶುದ್ಧ ಬೆಳ್ಳಿ ಮೆದುವಾದುದರಿಂದ ಅಕ್ಕಸಾಲಿಗರು ಅದಕ್ಕೆ ಅಲ್ಪ ತಾಮ್ರ ಬೆರೆಸಿ, ತಗಡಾಗಿ ಬಡಿದು, ಬಡಿತಕ್ಕೆ ಗಡುಸಾದಾಗಲೆಲ್ಲ ಕಾಯಿಸಿ ಹದಗೊಳಿಸುತ್ತ ಬಟ್ಟಲಿನ ಆಕಾರಕ್ಕೆ ತರುತ್ತಿದ್ದರು. ಬಳ್ಳಿ, ಕಮಲಗಳ ಉಬ್ಬುಚಿತ್ತಾರ ಬೇಕಾದಾಗ ಒಳಗೆ ಅರಗು ತುಂಬಿ ಹೊರಮೈಯನ್ನು ಉಳಿಗಳಿಂದ ತಿದ್ದುತ್ತಿದ್ದರು. ಬ್ರಿಟಿಷ್ ಇಂಡಿಯಾದ ರೂಪಾಯಿ ಒಂದು ತೊಲ, ಅಂದರೆ ಸುಮಾರು 11.66 ಗ್ರಾಂ ತೂಗುತ್ತಿದ್ದು, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯನ್ನೇ ಹೊಂದಿದ್ದರಿಂದ ನಾಣ್ಯವೇ ಕಚ್ಚಾವಸ್ತುವೂ ತೂಕದ ಕಲ್ಲೂ ಆಗಿ ಒದಗುತ್ತಿತ್ತು. 1940ರಲ್ಲಿ ಬೆಳ್ಳಿಯ ಪಾಲು ಅರ್ಧಕ್ಕಿಳಿದ ಮೇಲೆ ಹೊಸ ನಾಣ್ಯಗಳಿಂದ ಈ ಅನುಕೂಲ ತಪ್ಪಿತು.

ಬಟ್ಟಲಿನ ಆಕಾರವನ್ನು ನಿರ್ಧರಿಸುತ್ತಿದ್ದುದು ಅದರ ಬಳಕೆ. ಸಾಣೆಕಲ್ಲಿನ ಮೇಲೆ ತೇಯ್ದ ಗಂಧಕ್ಕೆ ಅಗಲ ಬಾಯಿಯ ಪುಟ್ಟ ಬಟ್ಟಲು, ಅರಿಶಿನ-ಕುಂಕುಮಕ್ಕೆ ಜೋಡಿ ಬಟ್ಟಲು, ವರಪೂಜೆಯಲ್ಲಿ ಕೊಡುವ ಜೇನು-ಮೊಸರಿನ ಮಿಶ್ರಣವಾದ ಮಧುಪರ್ಕಕ್ಕೂ ಮಗುವಿಗೆ ಮೊದಲ ತುತ್ತುಣಿಸುವ ಅನ್ನಪ್ರಾಶನದ ಪಾಯಸಕ್ಕೂ ತುಸು ಆಳವಾದ ಬಟ್ಟಲು, ಹಸುಗೂಸಿಗೆ ಹಾಲು ಕುಡಿಸಲು ಕೊಕ್ಕಿನಂಥ ಮೂತಿಯ ಒಳಲೆ ಇವು ಮುಖ್ಯ ಪ್ರಭೇದಗಳು. ಉಪ್ಪು ಬೆಳ್ಳಿಯನ್ನು ಕೊರೆಯುವುದರಿಂದ ಉಪ್ಪು-ಹುಳಿಯ ಪದಾರ್ಥಗಳನ್ನು ಇವುಗಳಲ್ಲಿ ಇಡುತ್ತಿರಲಿಲ್ಲ. ಗಾಳಿಯಲ್ಲಿನ ಗಂಧಕದ ಅಂಶದಿಂದ ಕಪ್ಪಾದಾಗ ವಿಭೂತಿಯಿಂದ ತಿಕ್ಕಿ ಬೆಳಗುವುದು ವಾಡಿಕೆಯಾಗಿದ್ದು, ದೀರ್ಘಕಾಲದ ತಿಕ್ಕುವಿಕೆಯಿಂದ ಹೊರಮೈಯ ಚಿತ್ತಾರ ಸವೆದರೂ ಪಾದಗಟ್ಟಿನ ಮರೆಯಲ್ಲಿರುವ ತಳ ಬಹುಮಟ್ಟಿಗೆ ಉಳಿಯುತ್ತದೆ.

ಸಂಶೋಧಕರ ಗಮನ ಹೋಗಬೇಕಾದುದು ಈ ತಳದ ಕಡೆಗೆ. ಕೈವಾರದ ಮೊನೆ ಊರಿದ ನಡುಬಿಂದು, ಸುತ್ತಿಗೆಯ ಪೆಟ್ಟಿನ ಗುರುತುಗಳು, ಪಾದವನ್ನು ಕೂಡಿಸಿದ ಬೆಸುಗೆಯ ಗೆರೆ ತಯಾರಿಕೆಯ ಕ್ರಮವನ್ನು ಹೇಳಿದರೆ, ಚುಕ್ಕೆ ಚುಕ್ಕೆಯಾಗಿ ಹೊಡೆದ ಹೆಸರು ಅಥವಾ ಮೊದಲಕ್ಷರ ಒಡೆತನವನ್ನು ಹೇಳುತ್ತದೆ. ಮೈಸೂರು ಸಂಸ್ಥಾನದ 1933ರ ಹಿಂದೂ ಕಾನೂನು ಸ್ತ್ರೀಯರ ಹಕ್ಕುಗಳ ಅಧಿನಿಯಮವು ಬಂಧುಗಳಿಂದ ಬಂದ ಉಡುಗೊರೆಗಳನ್ನು ಸ್ತ್ರೀಧನದಲ್ಲಿ, ಅಂದರೆ ಹೆಣ್ಣಿನ ಸ್ವಂತ ಆಸ್ತಿಯಲ್ಲಿ ಸೇರಿಸಿತ್ತು. ತವರಿನ ಬಟ್ಟಲಿನ ಮೇಲೆ ಮಗಳ ಹೆಸರಿದ್ದರೆ ಅದು ಆ ಒಡೆತನಕ್ಕೆ ಪಾತ್ರೆಯೇ ನುಡಿಯುವ ಸಾಕ್ಷ್ಯ.

ಹಳೆಯ ಬೆಳ್ಳಿಯನ್ನು ತೂಕಕ್ಕೆ ಹಾಕಿ ಹೊಸದನ್ನು ಕೊಳ್ಳುವಾಗ ಲೋಹದ ಬೆಲೆ ಕೈಸೇರುತ್ತದೆ, ಸಾಕ್ಷ್ಯ ಮಾತ್ರ ಕುಲುಮೆಯಲ್ಲಿ ಕರಗುತ್ತದೆ. ಆದುದರಿಂದ ಪ್ರತಿ ಬಟ್ಟಲಿನ ತೂಕ, ಅಳತೆ, ತಳದ ಛಾಯಾಚಿತ್ರ, ಕೊಟ್ಟವರು ಯಾರು, ಯಾವ ಸಂದರ್ಭದಲ್ಲಿ ಎಂಬ ವಿವರಗಳನ್ನು ಮನೆಯ ಹಿರಿಯ ಹೆಂಗಸರಿಂದಲೇ ಕೇಳಿ ಬರೆದಿಡುವುದು ಈ ಬಡಾವಣೆಗಳ ಸಾಮಾಜಿಕ ಇತಿಹಾಸ ರಚನೆಗೆ ಅಗತ್ಯವಾದ, ತಡಮಾಡಬಾರದ ಕೆಲಸ.