ಯರಿ ಹೊಲ ಮತ್ತು ನೀರು: ನಮ್ಮ ಸೀಮೆಯ ಇತಿಹಾಸ



ಸಂಘದ ಸಾಲ, ಬೀಜ, ಗೊಬ್ಬರ ಎಲ್ಲವೂ ಕಡೆಗೆ ಸೇರುವುದು ಮಣ್ಣಿಗೆ. ಆದ್ದರಿಂದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ನಮ್ಮ ಮಣ್ಣು-ನೀರಿನ ಇತಿಹಾಸವನ್ನು ತಿಳಿದಷ್ಟು ಬರೆಯುತ್ತೇನೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ನೆಲದ ಕೆಳಗೆ ಹೆಚ್ಚಾಗಿ ಇರುವುದು ಕರಿಕಲ್ಲು. ಅದು ಸವೆದು ಏರಿನಲ್ಲಿ ಮಡ್ಡಿ, ಹೊಳೆ-ಹಳ್ಳದ ದಂಡೆಗೆ ಆಳವಾದ ಯರಿ ಆಗೇದ. ಮಡ್ಡಿಯಲ್ಲಿ ಗರಸು ಹೆಚ್ಚು. ನೀರು ಸರ್ರನೆ ಇಳಿದು ಹೋಗುತ್ತದೆ. ಯರಿಯ ಕಣ ಬಲು ಸಣ್ಣದು. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮೊದಲ ಮಳೆಯ ನೀರು ಆ ಬಿರುಕಿನಿಂದ ಆಳಕ್ಕೆ ಹೋಗುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಇಂಗುವುದು ಬಹಳ ನಿಧಾನ. ಆದರೆ ಒಮ್ಮೆ ಕುಡಿದ ನೀರನ್ನು ಯರಿ ಸುಲಭವಾಗಿ ಬಿಡುವುದಿಲ್ಲ.

ಒಂದು ಎಕರೆಗೆ 1 ಇಂಚು ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು. ನಮ್ಮ ಹಿರಿಯರಿಗೆ ಯರಿಯೇ ಕೆರೆ. ಮಳೆಗಾಲದಲ್ಲಿ ಹೊಲ ಹರಗಿ, ಒಡ್ಡು ಹಾಕಿ, ಹಸಿಯನ್ನು ಮಣ್ಣಿನೊಳಗೇ ಕೂಡಿಟ್ಟು ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ ಬಿತ್ತುತ್ತಿದ್ದರು. 1876ರ, 1972ರ ಬರದಂಥ ಕಾಲಕ್ಕೆ ಮಳೆಯೇ ಇಲ್ಲದಾಗ ಮಣ್ಣಾದರೂ ಏನು ಮಾಡೀತು?

ಆಮೇಲೆ ನೀರು ಬಂತು. 1977ಕ್ಕೆ ಹಿಡಕಲ್ ಆಣೆಕಟ್ಟು ಮುಗಿಯಿತು, ಮುಂದೆ ಚಿಕ್ಕೋಡಿ ಶಾಖಾ ಕಾಲುವೆ ಆಯಿತು. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಗೆ ಪಂಪುಸೆಟ್ಟುಗಳು ಕೂತವು. ಜೋಳದ ಹೊಲದಲ್ಲಿ ಕಬ್ಬು ಬಂತು. ಮನೆ ಕಟ್ಟಿದೆವು, ಮಕ್ಕಳನ್ನು ಓದಿಸಿದೆವು. ಆದರೆ ಯರಿಯ ಗುಣ ಬದಲಾಗಲಿಲ್ಲ. ಹಿಡಿದಿಡುವ ಮಣ್ಣಿಗೆ ಮೇಲಿಂದ ಮೇಲೆ ನೀರು ಬಿಟ್ಟರೆ ಅದು ಹೋಗುವುದಾದರೂ ಎಲ್ಲಿಗೆ? ಅಡಿಯ ನೀರು ಮೇಲೇರಿ, ಬೇರಿಗೆ ಗಾಳಿ ಸಿಗದೆ ಹೊಲ ಜವಳಾಗುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಉಳಿದರೆ ಸವಳಾಗುತ್ತದೆ. ಕೃಷ್ಣಾ ದಂಡೆಗೆ ಇಂಥ ಹೊಲಗಳನ್ನು ನಾವೆಲ್ಲ ಕಂಡಿದ್ದೇವೆ.

ಇದು ಹೊಸದೇನಲ್ಲ. ನಾವು ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿಯೇ, ಪುಣೆ ಜಿಲ್ಲೆಯಲ್ಲಿ 1885ರಲ್ಲಿ ನೀರಾ ಎಡದಂಡೆ ಕಾಲುವೆ ಆದ ಮೇಲೆ, ಕಬ್ಬಿನ ಕರಿ ಹೊಲಗಳು ಕೆಲವೇ ದಶಕಗಳಲ್ಲಿ ಹೀಗೇ ಕೆಟ್ಟವು. ಅಲ್ಲಿ ಬಸಿಗಾಲುವೆ ತೋಡಬೇಕಾಯಿತು.

ಬಸಿಗಾಲುವೆ ಒಬ್ಬನಿಂದ ಆಗುವ ಕೆಲಸವಲ್ಲ. ನೀರು ಹಳ್ಳ ಸೇರಬೇಕಾದರೆ ಕೆಳಗಿನವನ ಹೊಲ ದಾಟಬೇಕು. ಅವನು "ಒಲ್ಲೆ" ಅಂದರೆ ಕೆಲಸ ಅಲ್ಲಿಗೇ ನಿಂತಿತು. ನೆರೆಯ ಶಿರೋಳದಲ್ಲಿ ದತ್ತ ಸಹಕಾರಿ ಸಕ್ಕರೆ ಕಾರ್ಖಾನೆಯ ಮುಂದಾಳತ್ವದಲ್ಲಿ ರೈತರು ಒಂದುಗೂಡಿ, ನೆಲದೊಳಗೆ ತೂತಿನ ಪೈಪು ಹಾಕಿಸಿ ಸವಳು ಭೂಮಿ ಸುಧಾರಿಸಿಕೊಂಡಿದ್ದಾರೆ. ನಮಗೂ ಅದೇ ದಾರಿ.

ಸವಳು ಹೊಲದಿಂದ ಬೆಳೆಸಾಲ ತೀರುವುದಿಲ್ಲ. ಆ ಬಾಕಿಯ ಭಾರ ಇಡೀ ಸಂಘದ ಮೇಲೆ. ಆದ್ದರಿಂದ ಕಬ್ಬಿಗೆ ಬೇಕಾದಷ್ಟೇ ನೀರು ಬಿಡೋಣ, ಆಗುವವರು ಹನಿ ನೀರಾವರಿ ಮಾಡೋಣ, ಹೂಳು ತುಂಬಿದ ಹಳ್ಳಗಳನ್ನು ಕೂಡಿ ತೆಗೆಯೋಣ. ಹಣದಲ್ಲಿ 25 ವರ್ಷ ಸಹಕಾರ ಮಾಡಿದ್ದೇವೆ. ಇನ್ನು ಬದು ದಾಟುವ ನೀರಿಗೂ ಸಹಕಾರ ಮಾಡೋಣ ಎಂದು ಎಲ್ಲ ಸದಸ್ಯರಲ್ಲಿ ವಿನಂತಿ.